ಸೋಮವಾರವೇ ಹೊರಟ ಚೀಲ

ನಮ್ಮ ನಡುಮನೆಯ ಮೂಲೆಯಲ್ಲಿ ನಿನ್ನೆ ಸಂಜೆಯಿಂದ ಒಂದು ಚೀಲ ಕೂತಿದೆ. ನನ್ನದಲ್ಲ, ಪಕ್ಕದ ಮನೆಯ ಸೊಸೆ ಪವಿತ್ರಳದು. ಅವಳಿಗೆ ಇವತ್ತು, ಮಂಗಳವಾರ, ಬಿಂಡಿಗನವಿಲೆಯ ತವರಿಗೆ ಹೋಗಲೇಬೇಕು. ಬುಧವಾರ ಬೆಳಿಗ್ಗೆ ತಮ್ಮನ ಮಗುವಿಗೆ ಹೆಸರಿಡುವ ಶಾಸ್ತ್ರ. ಮಂಗಳವಾರ ಹೊಸಿಲು ದಾಟಿ ಊರಿಗೆ ಹೊರಡಬಾರದು ಎಂದು ಅವಳ ಅತ್ತೆಯ ಹಟ. ಕೊನೆಗೆ ರಾಜಿಯಾಗಿ ಚೀಲ ಮಾತ್ರ ಸೋಮವಾರವೇ ಹೊರಟು ನಮ್ಮ ಮನೆಗೆ ಬಂತು. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ನಮ್ಮದೇ ಮುಂದಿನ ಮನೆ. ಹತ್ತು ಹೆಜ್ಜೆಯಾದರೂ ಪ್ರಯಾಣ ಪ್ರಯಾಣವೇ.

ಈ ಪದ್ಧತಿ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಹೊರಡಬಾರದ ದಿನ ಹೊರಡಬೇಕಾಗಿ ಬಂದರೆ ಹಿಂದಿನ ದಿನವೇ ನಿಮ್ಮ ಸಾಮಾನಿನಲ್ಲಿ ಒಂದನ್ನು ದಾರಿಯಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟುಬಿಡಬೇಕು. ಆಗ ಪ್ರಯಾಣ ಅವತ್ತೇ ಶುರುವಾಯಿತೆಂದು ಲೆಕ್ಕ. ಮಾರನೆಯ ದಿನ ನೀವು ಮಾಡುವುದು ಮುಂದುವರಿಕೆ ಮಾತ್ರ. ಪುರೋಹಿತರು ಇದಕ್ಕೆ ಪ್ರಸ್ಥಾನ ಎಂದು ತೂಕದ ಹೆಸರು ಹೇಳುತ್ತಾರೆ. ನಮ್ಮ ಪಾಂಡವಪುರದಲ್ಲಿ ‘ಚೀಲ ಮಡಗೋದು’ ಅಂದರೆ ಸಾಕು. ಷರತ್ತುಗಳಿವೆ. ಅಂಗಡಿ, ಹೋಟೆಲು ನಡೆಯುವುದಿಲ್ಲ. ಒಲೆ ಉರಿಯುವ, ಜನ ಬಾಳುವ ಮನೆಯಾಗಬೇಕು. ಇಟ್ಟ ಚೀಲ ಯಾವ ಕಾರಣಕ್ಕೂ ನಿಮ್ಮ ಮನೆಗೆ ವಾಪಸ್ ಬರಬಾರದು. ಗ್ರಹಗಳ ಕಣ್ಣಿಗೆ ಮಣ್ಣೆರಚುವ ಇಂಥ ಕ್ಲೆವರ್ ಉಪಾಯವನ್ನು ಯಾವ ವಕೀಲ ಕಂಡುಹಿಡಿದನೋ ಎಂದು ನಾನು ಎಷ್ಟೋ ಸಲ ನಕ್ಕಿದ್ದೇನೆ.

ನಗುವ ಹಕ್ಕನ್ನು ನಾನು ಚಿಕ್ಕಂದಿನಲ್ಲೇ ಸಂಪಾದಿಸಿಕೊಂಡವಳು. ನಾಗಮಂಗಲದ ಹತ್ತಿರದ ಹಳ್ಳಿಯಿಂದ ಅಪ್ಪ ನನ್ನನ್ನು ಮೈಸೂರಿನ ಕಾನ್ವೆಂಟಿಗೆ ಹಾಕಿದರು. ಮಗಳು ಇಂಗ್ಲಿಷ್ ಕಲಿತರೆ ಆಫೀಸಿನಿಂದ ಬರುವ ಕಾಗದಗಳನ್ನು ಓದಿ ಹೇಳುತ್ತಾಳೆ ಎಂಬುದು ಅವರ ಆಸೆ. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಅವರಿಗೆ ಬೇರೇನೂ ಘನವಾದ ಅಭಿಪ್ರಾಯ ಇದ್ದಂತಿರಲಿಲ್ಲ. ಒಂದು ವರ್ಷ ಬೇಸಿಗೆ ರಜೆ ಮುಗಿಸಿ ಹಾಸ್ಟೆಲಿಗೆ ಹೊರಡುವ ದಿನ ಮಂಗಳವಾರವೇ ಬಿತ್ತು. ಅಮ್ಮ ಸೋಮವಾರ ನನ್ನ ಟ್ರಂಕನ್ನು ಬಸ್ಸು ನಿಲ್ಲುವ ಕಡೆ ಇದ್ದ ಆಲೆಮನೆಯವರ ಮನೆಗೆ ಕಳಿಸಿದಳು. ಅವರು ಅದನ್ನು ಜೋಪಾನವಾಗಿ ಬೆಲ್ಲದ ಅಚ್ಚುಗಳ ಪಕ್ಕದಲ್ಲೇ ಇಟ್ಟರು. ಹಾಸ್ಟೆಲಿನಲ್ಲಿ ಸಿಸ್ಟರ್ ಬರ್ನಡೆಟ್ ತಪಾಸಣೆಗೆಂದು ಮುಚ್ಚಳ ಎತ್ತಿದರೆ ನನ್ನ ಬಿಳೀ ಯೂನಿಫಾರ್ಮಿನ ಮೇಲೆ ಕೆಂಪಿರುವೆಗಳ ಮೆರವಣಿಗೆ. “ನಿರ್ಮಲಾ, ಇಷ್ಟೊಂದು ನೆಂಟರನ್ನು ಯಾಕೆ ಕರೆತಂದೆ?” ಎಂದರು. ನಾನು ಪ್ರಾಮಾಣಿಕವಾಗಿ ಎಲ್ಲ ವಿವರಿಸಿದೆ. ಪ್ರಾಮಾಣಿಕತೆಗೆ ಸಿಕ್ಕ ಬಹುಮಾನ, ‘ಐ ಶಲ್ ನಾಟ್ ಬಿ ಸೂಪರ್‌ಸ್ಟಿಶಿಯಸ್’ ಎಂದು ನೂರು ಸಲ ಬರೆಯುವ ಶಿಕ್ಷೆ. ನೂರು ಸಲ ಬರೆದ ಮೇಲೆ ನಂಬಿಕೆ ಹೋಯಿತೋ ಇಲ್ಲವೋ, ಅಕ್ಷರ ಮಾತ್ರ ದುಂಡಗಾಯಿತು.

ಈ ಸಿಸ್ಟರ್ ಐರ್ಲೆಂಡಿನವರು. ನನಗೆ ಪಾಂಡವಪುರದ ಗಂಡು ಗೊತ್ತಾಯಿತೆಂದು ಹೇಳಲು ಹೋದಾಗ, “ಓಹ್, ಫ್ರೆಂಚ್ ರಾಕ್ಸ್!” ಎಂದು ಊರಿನ ಹಳೆಯ ಹೆಸರು ಹೇಳಿ ಕಣ್ಣರಳಿಸಿದ್ದರು. ಆ ಹೆಸರು ಕೇಳಿ ಸಮುದ್ರ, ಬಂಡೆ, ಬಿಳೀ ದೋಣಿ ಎಂದೆಲ್ಲ ಕಲ್ಪಿಸಿಕೊಂಡು ಬಂದ ನನಗೆ ಇಲ್ಲಿ ಸಿಕ್ಕಿದ್ದು ಕಬ್ಬಿನ ಗಾಡಿಗಳ ಧೂಳು ಮತ್ತು ನಮ್ಮವರ ರೈಸ್‌ಮಿಲ್ಲಿನ ತೌಡು. ಬಂಡೆಗಳಂತೂ ಇದ್ದವು. ಸಮುದ್ರ ಮತ್ತು ದೋಣಿ ಮಾತ್ರ ಸಿಸ್ಟರ್ ತಮ್ಮ ಕ್ಲಾಸಿನ ಗೋಡೆಗೆ ಅಂಟಿಸಿದ್ದ ಪಿಕ್ಚರ್ ಪೋಸ್ಟ್‌ಕಾರ್ಡಿನಲ್ಲೇ ಉಳಿದವು. ಕಲ್ಲಿನ ಮೋಟುಗೋಡೆ, ಅದರಾಚೆ ಬೂದು ಸಮುದ್ರ, ಒಂದು ನರಪಿಳ್ಳೆ ಇಲ್ಲ. ಎಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನು ಒಬ್ಬಳೇ ಐರ್ಲೆಂಡಿಗೆ ಹೋಗಲು ಕಾರಣ ಏನು ಎಂದು ಕೇಳಿದವರಿಗೆಲ್ಲ ಈ ಪೋಸ್ಟ್‌ಕಾರ್ಡಿನ ಕಥೆ ಹೇಳಿದ್ದೇನೆ. ನಿಜವಾದ ಕಾರಣ ಆ ಚಿತ್ರದಲ್ಲಿ ಯಾರೂ ಇರಲಿಲ್ಲ ಎಂಬುದು. ಪಾಂಡವಪುರದಲ್ಲಿ ತರಕಾರಿ ಅಂಗಡಿಯಿಂದ ಬ್ಯಾಂಕಿನವರೆಗೆ ನಾನು ರೈಸ್‌ಮಿಲ್ ಗೌಡರ ಹೆಂಡತಿ. ಅವರು ಹೋದಮೇಲೆ ರೈಸ್‌ಮಿಲ್ ಗೌಡರ ಹೆಂಡತಿ ಪಾಪ. ನನ್ನ ಹೆಸರಿನ ಮುಂದೆ ಹಿಂದೆ ಏನೂ ಇಲ್ಲದ ಹತ್ತು ದಿನ ನನಗೆ ಬೇಕಿತ್ತು.

ಇದನ್ನು ಅಕ್ಕಯ್ಯನಿಗೆ ಹೇಳುವುದೇ ಕಷ್ಟವಾಯಿತು. ಅಕ್ಕಯ್ಯ ನಮ್ಮ ಯಜಮಾನರ ಅಕ್ಕ. ಅವರು ಕರೆಯುತ್ತಿದ್ದ ಹಾಗೆಯೇ ನಾನೂ ಕರೆಯುತ್ತೇನೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಈಗ ತಮ್ಮನೂ ಇಲ್ಲದ ಆ ಮನೆಯಲ್ಲಿ ನಾವಿಬ್ಬರೇ.

“ಅಲ್ಲಿ ಯಾರವ್ರೆ ನಿಂಗೆ?” ಎಂದರು.

“ಯಾರೂ ಇಲ್ಲ.”

“ಮತ್ಯಾಕಮ್ಮಿ ಓಗೀಯೆ?”

“ಯಾರೂ ಇಲ್ಲ ಅಂತಲೇ.”

ಅಕ್ಕಯ್ಯ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ.

ಹೋದೆ. ಐರ್ಲೆಂಡಿನ ಪಶ್ಚಿಮ ತೀರದ ಒಂದು ಪುಟ್ಟ ಊರು. ಕೆವಿನ್ ಎಂಬ ಹುಡುಗ ನಡೆಸುವ ಗೆಸ್ಟ್‌ಹೌಸಿನಲ್ಲಿ ಕೋಣೆ. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಸೂಪು, ಸಂಜೆ ನಾನು ಒಯ್ದಿದ್ದ ಕೋಡುಬಳೆ. ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ರೇನ್‌ಕೋಟು ಹಾಕಿಕೊಂಡು ಸಮುದ್ರದ ದಂಡೆಯ ಬೆಂಚಿನಲ್ಲಿ ಕೂರುತ್ತಿದ್ದೆ. ದಿನಾ ಅದೇ ಹೊತ್ತಿಗೆ ಅದೇ ಬೆಂಚಿನ ಇನ್ನೊಂದು ತುದಿಗೆ ನನ್ನ ವಯಸ್ಸಿನದೇ ಒಬ್ಬ ಹೆಂಗಸು ಫ್ಲಾಸ್ಕು ಹಿಡಿದು ಬರುತ್ತಿದ್ದಳು. “ಗ್ರ್ಯಾಂಡ್ ಡೇ” ಎನ್ನುತ್ತಿದ್ದಳು. ಮಳೆ ಸುರಿಯುತ್ತಿದ್ದರೂ ಹಾಗೇ. ನಾನು “ಲವ್ಲೀ” ಎನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯಿತು. ನೀವು ಯಾರ ಪೈಕಿ, ಮಕ್ಕಳೆಷ್ಟು, ಯಜಮಾನರು ಏನಾದರು, ಒಂದೂ ಕೇಳಲಿಲ್ಲ. ಹೆಸರನ್ನೂ ಕೇಳಲಿಲ್ಲ. ಸ್ವರ್ಗ ಎಂದರೆ ಇದೇ ಎಂದುಕೊಂಡೆ. ದಿನಕ್ಕೊಂದು ಸಲ ಪವಿತ್ರ ತನ್ನ ಫೋನಿನಲ್ಲಿ ಅಕ್ಕಯ್ಯನನ್ನು ತೋರಿಸುತ್ತಿದ್ದಳು. ಅಕ್ಕಯ್ಯ ನನ್ನ ಕೋಣೆಯನ್ನು ಮೂಲೆಮೂಲೆ ನೋಡಿ, “ಗಾಳಿ ಬತ್ತದಾ?” ಎಂದು ಕೇಳಿ ಮುಗಿಸುತ್ತಿದ್ದರು.

ಹೀಗೆ ಕೊನೆಯ ದಿನ ಬಂತು. ಸೋಮವಾರ. ಮಾರನೆಯ ಬೆಳಿಗ್ಗೆ ಬಸ್ಸು ಹಿಡಿದು ಡಬ್ಲಿನ್ನಿಗೆ, ಅಲ್ಲಿಂದ ವಿಮಾನ. ತಿಂಡಿಗೆ ಕೂತಿದ್ದೆ, ಫೋನು ಬಂತು. ಪಾಂಡವಪುರದಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು. ಪವಿತ್ರಳ ಮುಖ ಸಣ್ಣಗಾಗಿತ್ತು.

“ಆಂಟಿ, ಅಜ್ಜಿ ಬೆಳಗ್ಗಿಂದ ಏನೂ ತಿಂದಿಲ್ಲ. ಮುದ್ದೆ ತಂದಿಟ್ರೆ ತಟ್ಟೆ ಆಕಡೆ ತಳ್ತಾವ್ರೆ.”

ಅಕ್ಕಯ್ಯ ಫೋನು ಕಿತ್ತುಕೊಂಡರು. ಪರದೆಯ ತುಂಬ ಅವರ ಒಂದು ಕಿವಿ. “ನಾಳೀಕೆ ಮಂಗಳವಾರ ಕಣಮ್ಮಿ. ಕ್ಯಾಲೆಂಡ್ರು ನೋಡ್ಕಂಡು ಟಿಕೀಟು ತಗಂಡ್ಯಾ ಇಲ್ವಾ? ಚೀಲ ಮಡಗ್ದ್ಯಾ?”

“ಇಲ್ಲಿ ಎಲ್ಲಿ ಮಡಗಲಿ ಅಕ್ಕಯ್ಯ? ನನಗೆ ಯಾರು ಗೊತ್ತು?”

“ಅದ್ಕೇ ಅಂದಿದ್ದು, ಯಾರಿಲ್ಲದ ಊರ್ಗೆ ಓಗ್ಬ್ಯಾಡ ಅಂತ. ನಿನ್ ಚೀಲ ಒಂದ್ ಮನೆ ಸೇರೋಗಂಟ ನಾನು ಉಣ್ಣಾಕಿಲ್ಲ. ಒತ್ತು ಮುಳುಗಾದ್ರೊಳಗೆ ಮಡಗ್ಬೇಕು.”

ಐರ್ಲೆಂಡಿನಲ್ಲಿ ಜೂನ್ ತಿಂಗಳ ಹೊತ್ತು ಊಟ ಮುಗಿಸಿ ಮಲಗುವವರೆಗೂ ಮುಳುಗುವುದಿಲ್ಲ. ಇದನ್ನು ಹೇಳಿ ಸ್ವಲ್ಪ ಟೈಮ್ ಗಿಟ್ಟಿಸಲು ನೋಡಿದೆ. “ಉಪಾಸ ಇಲ್ಲಿ ಕುಂತಿರೋಳು ನಾನು. ಇಲ್ಲೀ ಸೂರ್ಯನೇ ಲೆಕ್ಕ,” ಎಂದರು.

ನಗಬೇಡಿ. ಅಕ್ಕಯ್ಯನಿಗೆ ಎಂಬತ್ತು ದಾಟಿದೆ, ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ಬಿಟ್ಟರೆ ಕೈ ನಡುಗಿ ಬೆವರುತ್ತಾರೆ. ಹಿಂದೊಮ್ಮೆ ಏಕಾದಶಿ ಎಂದು ಹಾಗೆ ಮಾಡಿ ಬಚ್ಚಲುಮನೆಯಲ್ಲಿ ಬಿದ್ದಿದ್ದರು. ಹಟ ಹಿಡಿದರೆ ಬಿಡುವವರಲ್ಲ. ಅದೂ ಮಂಗಳವಾರದ ವಿಷಯದಲ್ಲಿ ಅವರ ಹಟಕ್ಕೆ ಕಾರಣ ಏನೆಂದು ನನಗೆ ಗೊತ್ತು. ನಮ್ಮವರು ಕೆ.ಆರ್. ಪೇಟೆಗೆ ಹೋಗಿ ಬರುತ್ತೇನೆಂದು ಹೊರಟದ್ದು ಮಂಗಳವಾರ. ಆ ಮಾತನ್ನು ನಮ್ಮ ಮನೆಯಲ್ಲಿ ಆಮೇಲೆ ಯಾರೂ ಎತ್ತಿಲ್ಲ. ಸುಮಾರು ಹತ್ತೊಂಬತ್ತು ವರ್ಷ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಸೊಪ್ಪು ಸೋಸಿದ್ದೇವೆ. ಆ ಮಾತು ಬರುವ ಹಾಗಾದರೆ ಯಾರಾದರೊಬ್ಬರು ಎದ್ದು ನೀರು ತರಲು ಹೋಗುತ್ತಿದ್ದೆವು.

ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಮೊದಲು ಸುಲಭದ ದಾರಿ ಹಿಡಿದೆ. ಕೆವಿನ್‌ನನ್ನು ಕೇಳಿ ಕಾರಿಡಾರಿನಾಚೆಯ ಖಾಲಿ ಕೋಣೆಯಲ್ಲಿ ನನ್ನ ಕೈಚೀಲವನ್ನು ಕುರ್ಚಿಯ ಮೇಲೆ ಇಟ್ಟು, ಚೆಂದವಾಗಿ ಫೋಟೋ ತೆಗೆದು, ‘ಇಲ್ಲಿಯವರೊಬ್ಬರ ಮನೆ’ ಎಂದು ಬರೆದು ಕಳಿಸಿದೆ. ಕೂಡಲೇ ಫೋನು ಬಂತು, ಅಕ್ಕಯ್ಯನದೇ ದನಿ.

“ಕಿಟಕಿ ಪರದೆ ಮ್ಯಾಲೆ ನೀಲಿ ದೋಣಿ! ದಿನಾ ನಿನ್ ರೂಮ್ನಾಗೆ ನೋಡಿವ್ನಿ ಅದ್ನ. ಒಂದೇ ಸೂರು. ಸುಳ್ಳೇಳಾದ್ನೂ ಕಾನ್ವೆಂಟಲ್ಲೇ ಕಲಿಸಿದ್ರಾ?”

ಹಿಂದೆ ಪವಿತ್ರ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಆಮೇಲೆ ಅವಳೇ ದನಿ ತಗ್ಗಿಸಿ, “ಆಂಟಿ, ಬೇಗ ಏನಾರಾ ಮಾಡಿ. ಅಜ್ಜಿ ಕೈ ತಣ್ಣಗಾಗಿದೆ. ಸಕ್ಕರೆ ನೀರು ಕೊಟ್ರೆ ಉಗೀತಾರೆ,” ಎಂದಳು.

ಚೀಲ ಎತ್ತಿಕೊಂಡು ಬೀದಿಗಿಳಿದೆ. ಬಸ್ ನಿಲ್ದಾಣದಲ್ಲಿ ಸಾಮಾನು ಇಡುವ ಬೀರುಗಳಿದ್ದವು, ಆದರೆ ಅಲ್ಲಿ ಒಲೆ ಎಲ್ಲಿಂದ ತರುವುದು? ವಾರಸುದಾರರಿಲ್ಲದ ಚೀಲ ಕಂಡರೆ ತಿಳಿಸಿ ಎಂದು ಗೋಡೆಯ ಮೇಲೆ ಬೇರೆ ಬರೆದಿದ್ದರು. ಮುಂದೆ ಒಂದು ಚೆಂದದ ಮನೆಯ ಬಾಗಿಲು ತಟ್ಟಿದೆ. ತೆರೆದ ಹೆಂಗಸು ನನ್ನ ಸೀರೆ, ಸ್ವೆಟರು, ಕೈಯಲ್ಲಿನ ಚೀಲ ಮೂರನ್ನೂ ನೋಡಿ, “ನಾಟ್ ಟುಡೇ, ಥ್ಯಾಂಕ್ ಯೂ,” ಎಂದು ಬಾಗಿಲು ಹಾಕಿಕೊಂಡಳು. ಸೀರೆ ಮಾರಲು ಬರುವವರಿಗೆ ನಾನು ಪಾಂಡವಪುರದಲ್ಲಿ ಎಷ್ಟು ಸಲ ಇದೇ ದನಿಯಲ್ಲಿ ಇದೇ ಮಾತು ಹೇಳಿಲ್ಲ! ಇನ್ನೊಂದು ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ. ಯಾರೂ ಗುರುತಿಲ್ಲದ ಊರು ಬೇಕೆಂದು ಅಷ್ಟು ದೂರ ಹೋದವಳು, ಯಾರಾದರೂ ಗುರುತಿನವರು ಸಿಕ್ಕರೆ ಸಾಕು ಎಂದು ಚೀಲ ಹಿಡಿದು ಬೀದಿ ಅಲೆಯುತ್ತಿದ್ದೆ.

ಕಾಲುಗಳು ಅಭ್ಯಾಸಬಲದಿಂದ ನನ್ನನ್ನು ಬೆಂಚಿಗೆ ಕರೆದೊಯ್ದವು. ಫ್ಲಾಸ್ಕಿನ ಹೆಂಗಸು ಆಗಲೇ ಕೂತಿದ್ದಳು.

“ಗ್ರ್ಯಾಂಡ್ ಡೇ.”

“ನೋ,” ಎಂದೆ. “ಇಟ್ಸ್ ಎ ಟೆರಿಬಲ್ ಡೇ.”

ಅವಳು ಮೊದಲ ಸಲ ನನ್ನ ಕಡೆ ಪೂರ್ತಿ ತಿರುಗಿದಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಮಂಗಳವಾರ, ಚೀಲ, ಒಲೆ, ಅಕ್ಕಯ್ಯನ ಉಪವಾಸ. ಹೇಳುತ್ತ ಹೇಳುತ್ತ ನನಗೇ ಇದು ಹುಚ್ಚರ ಮಾತಿನ ಹಾಗೆ ಕೇಳಿಸಿತು. ಅವಳು ಕಾಫಿಯ ಲೋಟ ಕೆಳಗಿಟ್ಟಳು.

“ಆ ಚೀಲದಲ್ಲಿ ಏನಿದೆ?”

ತೆರೆದು ತೋರಿಸಿದೆ. ಒಂದು ವಾಯಿಲ್ ಸೀರೆ, ಅಕ್ಕಯ್ಯನಿಗೆಂದು ಕೊಂಡ ಉಣ್ಣೆಯ ಕಾಲುಚೀಲ, ಕುಂಕುಮದ ಡಬ್ಬಿ, ಮುರಿದು ಉಳಿದ ಕೋಡುಬಳೆ. ಅವಳು ಒಂದು ಕೋಡುಬಳೆಯ ಚೂರು ತೆಗೆದು ಮೂಸಿ ನೋಡಿದಳು, ಬಾಯಿಗೆ ಹಾಕಿಕೊಂಡಳು, ಖಾರಕ್ಕೆ ಕಣ್ಣು ಒರೆಸಿಕೊಂಡಳು.

“ಇದು ಸಿಡಿಯುವ ಸಾಮಾನೇ,” ಎಂದಳು. “ಗೊತ್ತಿಲ್ಲದವರ ಚೀಲ ಇಟ್ಟುಕೊಂಡೆ ಅಂತ ಗೊತ್ತಾದರೆ ನನ್ನ ಮಗಳು ಪೊಲೀಸರಿಗೆ ಫೋನ್ ಮಾಡುತ್ತಾಳೆ. ಹಾಗಾಗಿ ಅವಳಿಗೆ ಹೇಳುವುದು ಬೇಡ. ಏಳಿ. ನನ್ನ ಹೆಸರು ಡೋಲನ್.”

ಮಿಸೆಸ್ ಡೋಲನ್ ಅವರ ಮನೆ ಬಸ್ ನಿಲ್ದಾಣದ ರಸ್ತೆಯಲ್ಲೇ ಇತ್ತು. ಹಿತ್ತಿಲ ಬಾಗಿಲಿನಿಂದ ನೇರ ಅಡುಗೆಮನೆಗೆ ಹೋದೆವು. “ಬಂದ ಬಾಗಿಲಿನಿಂದಲೇ ಹೋಗಬೇಕು, ಮರೆಯಬೇಡಿ. ಬೇರೆ ಬಾಗಿಲಿನಿಂದ ಹೋದರೆ ಮನೆಯ ಅದೃಷ್ಟ ಹಿಂದೆಯೇ ಹೋಗುತ್ತದೆ,” ಎಂದರು. ಸಿಸ್ಟರ್ ಬರ್ನಡೆಟ್ ಈಕೆಗೆ ಎಷ್ಟು ಸಲ ಬರೆಯಲು ಕೊಡುತ್ತಿದ್ದರೋ ಎಂದುಕೊಂಡೆ.

ಫೋನು ಹಚ್ಚಿ ಮೇಜಿನ ಮೇಲೆ ಬ್ರೆಡ್ಡಿನ ಡಬ್ಬಿಗೆ ಒರಗಿಸಿದೆ. ಅಕ್ಕಯ್ಯ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮುಖ ಬಾಡಿತ್ತು. ಮಾತು ಮಾತ್ರ ಬಾಡಿರಲಿಲ್ಲ.

“ಒಲೆ ತೋರ್ಸು.”

ತೋರಿಸಿದೆ. ಗಾಜಿನ ಹಾಗಿರುವ ಕರೆಂಟಿನ ಒಲೆ. ಮಿಸೆಸ್ ಡೋಲನ್ ಗುಂಡಿ ತಿರುಗಿಸಿ ಬಲು ಹೆಮ್ಮೆಯಿಂದ ನಿಂತರು.

“ಬೆಂಕೀನೇ ಇಲ್ವಲ್ಲಮ್ಮಿ! ಇದೆಂಥಾ ಒಲೆ?”

ಅನುವಾದಿಸಿದೆ. ಮಿಸೆಸ್ ಡೋಲನ್ ಸೋಲುವವರಲ್ಲ. ಫೋನು ತಾವೇ ಎತ್ತಿಕೊಂಡು ಪಕ್ಕದ ಕೋಣೆಗೆ ನಡೆದರು. ಅಲ್ಲಿ ಕಬ್ಬಿಣದ ಅಗ್ಗಿಷ್ಟಿಕೆಯೊಂದು ಜೂನ್ ತಿಂಗಳಲ್ಲೂ ಉರಿಯುತ್ತಿತ್ತು. ಪಕ್ಕದ ಬುಟ್ಟಿಯಿಂದ ಇಟ್ಟಿಗೆಯಂಥ ಕಪ್ಪು ಹೆಂಟೆಯೊಂದನ್ನು ತೆಗೆದು ಒಳಗೆ ಹಾಕಿದರು. ಆ ಸೀಮೆಯಲ್ಲಿ ಜೌಗು ನೆಲದ ಮಣ್ಣನ್ನೇ ಕಡಿದು ಒಣಗಿಸಿ ಸೌದೆಯ ಹಾಗೆ ಉರಿಸುತ್ತಾರೆ.

“ಏನಮ್ಮಿ ಅದು?”

“ಮಣ್ಣು ಅಕ್ಕಯ್ಯ.”

“ಮಣ್ಣ ಉರಿಸ್ತಾಳಾ ಆಯಮ್ಮ!” ಅಕ್ಕಯ್ಯ ಪವಿತ್ರಳ ಕಡೆ ತಿರುಗಿದರು. “ನೋಡ್ದೇನಮ್ಮಿ, ಮಣ್ಣ ಉರಿಸ್ಕಂಡು ಬಾಳ್ತಾವ್ರೆ. ಪಾಪ, ಸೌದೆಗೂ ಗತಿ ಇಲ್ಲ. ಅಂಗಿದ್ರೂವೆ ನಮ್ ಚೀಲ ಮಡಿಕತಾವ್ಳೆ. ಒಳ್ಳೇವ್ಳು.”

“ಏನೆನ್ನುತ್ತಿದ್ದಾರೆ?” ಎಂದರು ಮಿಸೆಸ್ ಡೋಲನ್.

“ನಿಮ್ಮ ಮನೆ ಚೆನ್ನಾಗಿದೆಯಂತೆ,” ಎಂದೆ. ಸುಳ್ಳಲ್ಲ, ಸಂಕ್ಷೇಪ.

ಚೀಲವನ್ನು ಅಗ್ಗಿಷ್ಟಿಕೆಯ ಪಕ್ಕದ ಕುರ್ಚಿಯ ಮೇಲೆ ಇಟ್ಟರು. ಫೋನು ಮತ್ತೆ ಅಡುಗೆಮನೆಯ ಮೇಜಿಗೆ ಬಂತು. ಕೆಲಸ ಮುಗಿಯಿತು, ಇನ್ನು ಅಕ್ಕಯ್ಯ ಉಣ್ಣಲಿ ಎಂದು ನಾನು ಹೇಳುವಷ್ಟರಲ್ಲಿ ಮಿಸೆಸ್ ಡೋಲನ್ ಟೀ ಬಗ್ಗಿಸುತ್ತ, “ಆದರೆ ಮಂಗಳವಾರವೇ ಯಾಕೆ?” ಎಂದು ಕೇಳಿದರು.

ಬೆಂಚಿನಲ್ಲಿ ಎಲ್ಲ ಹೇಳಿದ್ದೆ ಎಂದೆನಲ್ಲ, ಇದನ್ನು ಹೇಳಿರಲಿಲ್ಲ. ಯಾರಿಗೂ ಹೇಳಿದವಳಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದುದರಿಂದ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಈಗ ಇಂಗ್ಲಿಷಿನಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ ಹೇಳುವುದು ಸುಲಭ. ನಾನು ಅಳುವುದೆಲ್ಲ ಕನ್ನಡದಲ್ಲಿ.

ನಮ್ಮವರು ಕೆ.ಆರ್. ಪೇಟೆಯಲ್ಲಿ ಯಾರೋ ಮಾರುತ್ತಿದ್ದ ಮಿಲ್ಲಿನ ಯಂತ್ರ ನೋಡಲು ಹೊರಟಿದ್ದರು. ಒಂದು ರಾತ್ರಿ ಅಲ್ಲಿ ಉಳಿದು ಬರುವುದು. ಮಂಗಳವಾರವೇ ಹೊರಡಬೇಕಾಗಿ ಬಂದದ್ದರಿಂದ ಅಕ್ಕಯ್ಯ ಸೋಮವಾರವೇ ಅವರ ಚೀಲವನ್ನು ಬಸ್‌ಸ್ಟ್ಯಾಂಡಿನ ಕಡೆಯ ದರ್ಜಿಯವರ ಮನೆಯಲ್ಲಿ ಇಟ್ಟು ಬಂದಿದ್ದರು. ಸಂಜೆ ಇವರಿಗೆ ಕ್ಷೌರದ ಸಾಮಾನೆಲ್ಲ ಆ ಚೀಲದಲ್ಲೇ ಇದೆ ಎಂದು ನೆನಪಾಯಿತು. ಬೆಳಿಗ್ಗೆ ಗಡ್ಡ ಹೆರೆಯದೆ ಹೊರಡುವ ಮನುಷ್ಯರಲ್ಲ. ಹೋಗಿ ಚೀಲ ವಾಪಸ್ ತಂದರು. “ಅಕ್ಕಯ್ಯ, ನಿನ್ನ ಚೀಲ ಆಗಲೇ ಕೆ.ಆರ್. ಪೇಟೆಗೆ ಹೋಗಿ ಬಂತು ನೋಡು,” ಎಂದು ನಕ್ಕರು. ಬೆಳಿಗ್ಗೆ ಕಂಬದ ಕನ್ನಡಿಯ ಮುಂದೆ ನಿಂತು ನುಣ್ಣಗೆ ಗಡ್ಡ ಮಾಡಿಕೊಂಡು ಸ್ಕೂಟರ್ ಹತ್ತಿದರು. ತಿರುವಿನಲ್ಲಿ ಲಾರಿ.

“ಅವರ ಹೆಸರೇನು?” ಎಂದರು ಮಿಸೆಸ್ ಡೋಲನ್.

ನಾನು ಹೇಳಿದ ಹೆಸರು ಫೋನಿನಲ್ಲಿ ಅಕ್ಕಯ್ಯನಿಗೂ ಕೇಳಿಸಿತು; ಈ ಸಲ ಇಬ್ಬರಲ್ಲಿ ಯಾರೂ ನೀರು ತರಲು ಏಳಲಿಲ್ಲ, ಅವರು ಪವಿತ್ರ ತಂದಿಟ್ಟಿದ್ದ ಮುದ್ದೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡರು.